ಫೈರ್ ಪಂಪ್ ವೈರಿಂಗ್: ನಿಲ್ಲಬಾರದ ಮೋಟಾರಿಗೆ ಕರೆಂಟ್ ಕೊಡುವ ಸಮಗ್ರ ಮಾರ್ಗದರ್ಶಿ

ಮೋಟಾರ್ ವೈರಿಂಗ್ ಕಲಿಯುವಾಗ ಮೊದಲ ದಿನದಿಂದ ನಮಗೆ ಹೇಳಿಕೊಡುವುದು ಒಂದೇ ಮಾತು: ಮೋಟಾರ್ ಸುಡಬಾರದು. ಕರೆಂಟ್ ಜಾಸ್ತಿ ಎಳೆದರೆ ಓವರ್‌ಲೋಡ್ ರಿಲೇ ಬೀಳಬೇಕು. ಒಂದು ಫೇಸ್ ಹೋದರೆ ಪ್ರಿವೆಂಟರ್ ನಿಲ್ಲಿಸಬೇಕು. ಅರ್ಥ್ ಫಾಲ್ಟ್ ಆದರೆ ಬ್ರೇಕರ್ ಟ್ರಿಪ್ ಆಗಬೇಕು. ವರ್ಷಗಟ್ಟಲೆ ಹೀಗೇ ಮಾಡಿ ಮಾಡಿ ಅದು ಕೈಗೆ ಕೂತುಬಿಟ್ಟಿರುತ್ತದೆ.

ಫೈರ್ ಪಂಪಿನ ಹತ್ತಿರ ಬಂದಾಗ ಈ ಪಾಠವನ್ನೇ ತಿರುಗಿಸಿ ಹಾಕಬೇಕು. ಮೇಲಿನ ಮಹಡಿಯಲ್ಲಿ ಬೆಂಕಿ ಉರಿಯುತ್ತಿದೆ, ಮೆಟ್ಟಿಲಲ್ಲಿ ಜನ ಇಳಿಯುತ್ತಿದ್ದಾರೆ, ಸ್ಪ್ರಿಂಕ್ಲರ್‌ಗೆ ನೀರು ಬೇಕು. ಆ ಹೊತ್ತಲ್ಲಿ ಮೋಟಾರ್ ಬಿಸಿಯಾಯಿತು ಅಂತ ರಿಲೇ ಬಿದ್ದರೆ ಉಳಿಯುವುದು ಮೋಟಾರ್, ಹೋಗುವುದು ಜನ. ಸುಟ್ಟ ಮೋಟಾರ್ ಬದಲಾಯಿಸಬಹುದು. ಅದಕ್ಕೇ ಈ ಪಂಪ್ ಸುಟ್ಟು ನಿಲ್ಲುವ ತನಕ ಓಡಲಿ ಅನ್ನುವುದು ಕೋಡ್‌ನ ಮೂಲ ಯೋಚನೆ. ಇದು ಮನಸ್ಸಿಗೆ ಬಂದರೆ ಮುಂದಿನ ನಿಯಮಗಳು ತಾವಾಗೇ ಅರ್ಥವಾಗುತ್ತವೆ. ಬರದಿದ್ದರೆ ಪ್ರತಿಯೊಂದೂ ತಪ್ಪು ಅಂತಲೇ ಕಾಣುತ್ತದೆ.

ಇಲ್ಲಿ ನಾನು ಹಿಡಿದುಕೊಂಡಿರುವುದು ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್, ಅಂದರೆ ಎನ್‌ಇಸಿ. ಅದರ 695ನೇ ಆರ್ಟಿಕಲ್ ಪೂರ್ತಿ ಫೈರ್ ಪಂಪಿಗೇ ಮೀಸಲು. 1996ರ ಆವೃತ್ತಿಯಲ್ಲಿ ಇದು ಪ್ರತ್ಯೇಕ ಆರ್ಟಿಕಲ್ ಆಗಿ ಬಂತು. ಇದರ ಜೊತೆಗಾರ ಎನ್‌ಎಫ್‌ಪಿಎ 20, ಅಂದರೆ ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ 20ನೇ ನಂಬರಿನ ಮಾನದಂಡ. ಪಂಪ್, ಕಂಟ್ರೋಲರ್ (ಮೋಟಾರನ್ನು ಸ್ಟಾರ್ಟ್ ಮಾಡಿ ನಡೆಸುವ ಪೆಟ್ಟಿಗೆ), ಒಪ್ಪಿಗೆ ಪರೀಕ್ಷೆ ಎಲ್ಲ ಅದರಲ್ಲಿದೆ. ಆಮೇಲಿನ ತಪಾಸಣೆ ಮತ್ತು ನಿರ್ವಹಣೆಗೆ ಎನ್‌ಎಫ್‌ಪಿಎ 25. ಎನ್‌ಇಸಿ ಮೂರು ವರ್ಷಕ್ಕೊಮ್ಮೆ ಹೊಸದಾಗುತ್ತದೆ. ನಿಮ್ಮ ಕೆಲಸಕ್ಕೆ ಯಾವ ಆವೃತ್ತಿ ಜಾರಿಯಲ್ಲಿದೆ ಅನ್ನುವುದನ್ನು ಡ್ರಾಯಿಂಗ್ ಬಿಡಿಸುವ ಮುಂಚೆಯೇ ತಪಾಸಣಾಧಿಕಾರಿಯಿಂದ ಬರೆಸಿಕೊಳ್ಳಿ.

ಹಂತ 1: ಯಾವುದು ಈ ನಿಯಮದೊಳಗೆ, ಯಾವುದು ಹೊರಗೆ

695ನೇ ಆರ್ಟಿಕಲ್ ಹಿಡಿಯುವುದು ಫೈರ್ ಪಂಪಿಗೆ ಬರುವ ವಿದ್ಯುತ್ ಮೂಲ, ಆ ಮೂಲದಿಂದ ಪಂಪಿನ ತನಕದ ವೈರಿಂಗ್, ಅದಕ್ಕೇ ಮೀಸಲಾದ ಸ್ವಿಚ್ ಮತ್ತು ಕಂಟ್ರೋಲ್ ಸಾಮಾನು. ಪೈಪಿನಲ್ಲಿ ಒತ್ತಡ ಕಾಯುವ ಜಾಕಿ ಪಂಪ್ ಇದರೊಳಗೆ ಬರುವುದಿಲ್ಲ. ಅದು ಮಾಮೂಲಿ ಮೋಟಾರ್. 430ನೇ ಆರ್ಟಿಕಲ್ ಪ್ರಕಾರ ಅದಕ್ಕೆ ಓವರ್‌ಲೋಡ್ ಹಾಕಿ, ಪ್ರತ್ಯೇಕ ಕಂಟ್ರೋಲರ್ ಕೊಡಿ.

ಪ್ರತ್ಯೇಕ ಅನ್ನುವ ಮಾತನ್ನು ಒತ್ತಿ ಹೇಳುತ್ತೇನೆ. ಫೈರ್ ಪಂಪ್ ಕಂಟ್ರೋಲರಿನಿಂದಾಗಲಿ ಅದರ ಟ್ರಾನ್ಸ್‌ಫರ್ ಸ್ವಿಚ್‌ನಿಂದಾಗಲಿ (ಒಂದು ಮೂಲದಿಂದ ಇನ್ನೊಂದಕ್ಕೆ ಬದಲಿಸುವ ಸ್ವಿಚ್) ಬೇರೆ ಯಾವ ಲೋಡೂ ಹೋಗಬಾರದು. ಜಾಕಿ ಪಂಪೂ ಇಲ್ಲ, ಪಂಪ್ ರೂಮಿನ ಲೈಟೂ ಇಲ್ಲ. ಪಕ್ಕದಲ್ಲೇ ಕರೆಂಟ್ ಇದೆಯಲ್ಲ ಅಂತ ಒಂದು ವೈರ್ ಎಳೆದುಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಎಳೆಯಬೇಡಿ.

ಹಂತ 2: ನಂಬಬಹುದಾದ ಮೂಲ ಹುಡುಕಿ

ಒಂದೇ ಮೂಲದಿಂದ ಪಂಪ್ ನಡೆಸುವುದಾದರೆ ಅದು ನಂಬಿಕೆಗೆ ತಕ್ಕದಾಗಿರಬೇಕು. ಇದಕ್ಕೆ ನಾಲ್ಕು ದಾರಿ ಇದೆ. ವಿದ್ಯುತ್ ಕಂಪನಿಯಿಂದ ಪಂಪಿಗೇ ಬೇರೆ ಸರ್ವಿಸ್ ತರಬಹುದು. ಅಥವಾ ಕಟ್ಟಡದ ಮೇನ್ ಸ್ವಿಚ್‌ಗಿಂತ ಮುಂಚೆಯೇ ಟ್ಯಾಪ್ ತೆಗೆಯಬಹುದು. ಅಥವಾ ಆ ಆವರಣದಲ್ಲೇ ಸದಾ ಓಡುವ ವಿದ್ಯುತ್ ಉತ್ಪಾದನಾ ಘಟಕ ಇದ್ದರೆ ಅಲ್ಲಿಂದ ತರಬಹುದು. ಸರ್ವಿಸ್‌ನಿಂದ ಹೊರಟ ಮೀಸಲು ಫೀಡರ್‌ಗೂ, ಅಂದರೆ ಪಂಪಿಗೆಂದೇ ಎಳೆದ ಕೇಬಲ್‌ಗೂ, ಅವಕಾಶವಿದೆ.

ಮೇನ್‌ಗಿಂತ ಮುಂಚೆ ಯಾಕೆ ಅಂತ ಯೋಚಿಸಿ. ಅಗ್ನಿಶಾಮಕ ದಳ ಬಂದಾಗ ಬೇಗ ಮಾಡುವ ಕೆಲಸಗಳಲ್ಲಿ ಕಟ್ಟಡದ ಕರೆಂಟ್ ತೆಗೆಯುವುದೂ ಒಂದು. ಮೇನ್ ಇಳಿಸಿದ ಕೈಯಲ್ಲೇ ಪಂಪ್ ಕೂಡ ನಿಲ್ಲಬಾರದಲ್ವಾ? ಅದಕ್ಕೇ ಈ ಟ್ಯಾಪ್ ಮೇನ್ ಇರುವ ಪೆಟ್ಟಿಗೆಯಲ್ಲೂ ಇರಬಾರದು, ಸ್ವಿಚ್‌ಬೋರ್ಡಿನ ಅದೇ ಲಂಬ ಸೆಕ್ಷನ್ ಒಳಗೂ ಇರಬಾರದು. ಒಂದಕ್ಕೆ ಬೆಂಕಿ ತಗುಲಿದರೆ ಇನ್ನೊಂದಕ್ಕೆ ತಾಗದಷ್ಟು ಬೇರೆಯಾಗಿರಲಿ.

ಒಂದೇ ಮೂಲವನ್ನು ನಂಬಲು ಆಗದಿದ್ದರೆ ಎರಡು ಮೂಲ ಬೇಕು. ಎರಡನೆಯದು ಸಾಮಾನ್ಯವಾಗಿ ಸ್ಟ್ಯಾಂಡ್‌ಬೈ ಜನರೇಟರ್. ಅದಕ್ಕೆ ಪಂಪನ್ನು ಸ್ಟಾರ್ಟ್ ಮಾಡಿ ಓಡಿಸುವ ತಾಕತ್ತು ಇರಬೇಕು, ಅದೇ ಹೊತ್ತಲ್ಲಿ ಉಳಿದ ಲೋಡನ್ನೂ ಹೊರಬೇಕು. ಹೊರಲಾಗದಿದ್ದರೆ ಬೇಡದ ಲೋಡನ್ನು ತಾನೇ ಕಳಚುವ ಏರ್ಪಾಡಿಗೆ ಅವಕಾಶವಿದೆ.

ಹಂತ 3: ಲೆಕ್ಕ

ಇಲ್ಲಿ ನಿಧಾನಿಸಿ. ಈ ಕೆಲಸದಲ್ಲಿ ಜಾಸ್ತಿ ತಪ್ಪಾಗುವುದು ಇಲ್ಲೇ.

ನಿಂತ ಮೋಟಾರಿಗೆ ಒಮ್ಮೆಲೇ ಕರೆಂಟ್ ಕೊಟ್ಟಾಗ ಅದು ಎಳೆಯುವ ಕರೆಂಟಿಗೆ ಲಾಕ್ಡ್ ರೋಟರ್ ಕರೆಂಟ್ ಅನ್ನುತ್ತೇವೆ. ಓಡುವಾಗಿನ ಫುಲ್ ಲೋಡ್ ಕರೆಂಟಿಗಿಂತ ಇದು ಸುಮಾರು 6 ಪಟ್ಟು. ಮಾಮೂಲಿ ಮೋಟಾರಿನಲ್ಲಿ ಇದು ಕೆಲವು ಸೆಕೆಂಡಿನ ಮಾತು. ಫೈರ್ ಪಂಪಿನಲ್ಲಿ ಹಾಗಲ್ಲ. ಮೂಲ ಈ ಕರೆಂಟನ್ನು ಎಷ್ಟು ಹೊತ್ತಾದರೂ ಕೊಡುವಂತಿರಬೇಕು. ರೋಟರ್ ಹಿಡಿದುಕೊಂಡು ತಿರುಗದೇ ನಿಂತರೂ ಮೇಲಿನ ಬ್ರೇಕರ್ ಬೀಳಬಾರದು.

ಒಂದು ಉದಾಹರಣೆ ಹಿಡಿದು ನೋಡೋಣ. 460 ವೋಲ್ಟಿನ, ಮೂರು ಫೇಸಿನ, 100 ಎಚ್‌ಪಿ ಪಂಪ್ ಮೋಟಾರ್. ಎನ್‌ಇಸಿಯ ಕೋಷ್ಟಕದಲ್ಲಿ ಇದರ ಫುಲ್ ಲೋಡ್ 124 ಆಂಪ್, ಲಾಕ್ಡ್ ರೋಟರ್ 725 ಆಂಪ್. ಜೊತೆಗೆ 5 ಎಚ್‌ಪಿ ಜಾಕಿ ಪಂಪ್: 7.6 ಆಂಪ್ ಮತ್ತು 46 ಆಂಪ್. ಸಣ್ಣಪುಟ್ಟ ಉಪಕರಣಕ್ಕೆ 2 ಆಂಪ್ ಇಟ್ಟುಕೊಳ್ಳಿ.

ಮೂಲ ಹೊರಬೇಕಾದದ್ದು ಎರಡೂ ಮೋಟಾರಿನ ಲಾಕ್ಡ್ ರೋಟರ್ ಕರೆಂಟ್, ಅದರ ಮೇಲೆ ಉಪಕರಣದ್ದು. 725, 46, 2 ಸೇರಿ 773 ಆಂಪ್.

ಬ್ರೇಕರ್ ಅಥವಾ ಫ್ಯೂಸಿಗೆ ಈಚಿನ ಆವೃತ್ತಿಗಳ ಲೆಕ್ಕ ಸ್ವಲ್ಪ ಬೇರೆ. ದೊಡ್ಡ ಪಂಪಿನ ಲಾಕ್ಡ್ ರೋಟರ್, ಉಳಿದ ಮೋಟಾರ್‌ಗಳ ಫುಲ್ ಲೋಡ್, ಮತ್ತು ಉಪಕರಣ. 725, 7.6, 2 ಸೇರಿ 734.6. ಆ ಅಳತೆಯ ಬ್ರೇಕರ್ ಇಲ್ಲ, ಹಾಗಾಗಿ ಮುಂದಿನ ಅಳತೆಗೆ ಏರಬೇಕು: 800 ಆಂಪ್. ಹಳೆಯ ಲೆಕ್ಕದಲ್ಲಿ, ಅಂದರೆ 773 ಆಂಪ್ ಹಿಡಿದು ಮಾಡಿದರೂ ಈ ಉದಾಹರಣೆಯಲ್ಲಿ 800ಕ್ಕೇ ಬಂದು ನಿಲ್ಲುತ್ತದೆ.

ಈಗ ವೈರ್. ಇದಕ್ಕೆ ಲಾಕ್ಡ್ ರೋಟರ್ ಬೇಡ. ಎರಡು ಮೋಟಾರಿನ ಫುಲ್ ಲೋಡ್ ಕೂಡಿಸಿದರೆ 131.6. ಅದರ ಶೇಕಡಾ 125 ಅಂದರೆ 164.5. ಉಪಕರಣದ 2 ಸೇರಿಸಿದರೆ 166.5 ಆಂಪ್. ಎನ್‌ಇಸಿಯ ವೈರ್ ಕೋಷ್ಟಕದ 75 ಡಿಗ್ರಿ ಸೆಲ್ಸಿಯಸ್ ಕಾಲಂನಲ್ಲಿ 1/0 (ಇದು ಅಮೆರಿಕದ ವೈರ್ ಅಳತೆ) ತಾಮ್ರಕ್ಕೆ 150 ಆಂಪ್ ಮಾತ್ರ, ಸಾಲದು. 2/0ಗೆ 175, ಸಾಕು.

ಒಂದು ಸಲ ನಿಂತು ನೋಡಿ. 175 ಆಂಪಿನ ವೈರಿನ ತಲೆ ಮೇಲೆ 800 ಆಂಪಿನ ಬ್ರೇಕರ್. ಬೇರೆ ಯಾವುದೇ ಸರ್ಕ್ಯೂಟಿನಲ್ಲಿ ಹೀಗೆ ಬರೆದುಕೊಟ್ಟರೆ ಡ್ರಾಯಿಂಗ್ ವಾಪಸ್ ಬರುತ್ತದೆ. ಇಲ್ಲಿ ಅದೇ ಸರಿ. ಆ ಬ್ರೇಕರ್ ಇರುವುದು ಶಾರ್ಟ್ ಸರ್ಕ್ಯೂಟ್ ಆದಾಗ ಬೀಳಲು ಮಾತ್ರ. ಓವರ್‌ಲೋಡ್‌ನಿಂದ ವೈರನ್ನು ಕಾಯುವುದು ಅದರ ಕೆಲಸ ಅಲ್ಲ. ಒಳ್ಳೆಯ ಮನಸ್ಸಿಂದಲೇ ಯಾರೋ ಈ ಬ್ರೇಕರನ್ನು 200 ಆಂಪಿಗೆ ಇಳಿಸಿಬಿಡುವ ಸಾಧ್ಯತೆ ಯಾವಾಗಲೂ ಇರುತ್ತದೆ. ಅದಕ್ಕೇ ಈ ಲೆಕ್ಕವನ್ನು ಡ್ರಾಯಿಂಗ್ ಮೇಲೇ ಬರೆದಿಡಿ. ನಿಮ್ಮ ನಂತರ ಬರುವ ಎಲೆಕ್ಟ್ರಿಷಿಯನ್‌ಗೆ ಕಾರಣ ಗೊತ್ತಾಗಲಿ.

ಇನ್ನೊಂದು ದಾರಿಯೂ ಇದೆ. ಫೈರ್ ಪಂಪಿಗೆಂದೇ ಲಿಸ್ಟ್ ಆದ, ಅಂದರೆ ಮಾನ್ಯತೆ ಇರುವ ಸಂಸ್ಥೆ ಪರೀಕ್ಷಿಸಿ ಪಟ್ಟಿಗೆ ಸೇರಿಸಿದ, ಬ್ರೇಕರ್ ಜೋಡಣೆ ಬಳಸಬಹುದು. ಅದು ಫುಲ್ ಲೋಡಿನ ಶೇಕಡಾ 600ರಲ್ಲಿ 2 ನಿಮಿಷದೊಳಗೆ, ಶೇಕಡಾ 300ರಲ್ಲಿ 10 ನಿಮಿಷದೊಳಗೆ ಬೀಳಬಾರದು. ಮತ್ತೆ ಸ್ಟಾರ್ಟ್ ಆಗುವಾಗಿನ 24 ಪಟ್ಟು ಏರಿಕೆಗೂ ಜಗ್ಗಬಾರದು. ಅದರ ಟ್ರಿಪ್ ಸೆಟ್ಟಿಂಗನ್ನು ಸೈಟಿನಲ್ಲಿ ತಿರುಗಿಸುವ ಹಾಗಿರಬಾರದು.

ಈ ಅಂಕಿಗಳನ್ನು ಕಂಟ್ರೋಲರಿನ ಒಳಗಿನ ಬ್ರೇಕರ್ ಜೊತೆ ಇಟ್ಟು ನೋಡಿ. ಕಂಟ್ರೋಲರಿನೊಳಗಿನದು ಲಾಕ್ಡ್ ರೋಟರ್ ಕರೆಂಟಿಗೆ 8ರಿಂದ 20 ಸೆಕೆಂಡಿನಲ್ಲಿ ಬೀಳುತ್ತದೆ. ಶೇಕಡಾ 300ಕ್ಕೆ ಕನಿಷ್ಠ 3 ನಿಮಿಷ ತಡೆಯುತ್ತದೆ. ಅಂದರೆ ಪಂಪ್ ನಿಜವಾಗಲೂ ಹಿಡಿದುಕೊಂಡರೆ ಬೀಳುವುದು ಪಂಪ್ ರೂಮಿನಲ್ಲಿ, ಕಣ್ಣೆದುರು ಇರುವ ಬ್ರೇಕರ್. ದೂರದಲ್ಲೆಲ್ಲೋ ಇರುವ ಮೇಲಿನ ಬ್ರೇಕರ್ ಕಾಯುತ್ತಿರುತ್ತದೆ. ಹಾಗಾಗಿ ಮತ್ತೆ ಆನ್ ಮಾಡಲು ಯಾರೂ ಹೊಗೆಯಲ್ಲಿ ಮೇನ್ ರೂಮ್ ಹುಡುಕಿಕೊಂಡು ಓಡಬೇಕಿಲ್ಲ.

ಜನರೇಟರ್ ಕಡೆಯ ಬ್ರೇಕರಿಗೆ ಲಾಕ್ಡ್ ರೋಟರ್ ಕರೆಂಟನ್ನು ಕೊನೆಯಿಲ್ಲದೆ ಹೊರಬೇಕು ಅನ್ನುವ ಷರತ್ತಿಲ್ಲ. ಪಂಪ್ ರೂಮಿನ ಪೂರ್ತಿ ಲೋಡನ್ನು ಒಂದೇ ಸಲಕ್ಕೆ ಎತ್ತಿಕೊಳ್ಳಲು ಬಿಡಬೇಕು, ಶಾರ್ಟ್ ಸರ್ಕ್ಯೂಟ್ ರಕ್ಷಣೆಗೆ ಮಾತ್ರ ಇರಬೇಕು, ಎನ್‌ಇಸಿಯ 430.62ರಲ್ಲಿ ಹೇಳಿದ್ದಕ್ಕಿಂತ ದೊಡ್ಡದಿರಬಾರದು.

ಹಂತ 4: ವೋಲ್ಟೇಜ್ ಎಷ್ಟು ಬೀಳುತ್ತದೆ ನೋಡಿ

ವೈರಿನ ಅಳತೆ 2/0 ಅಂತ ಬಂತಲ್ಲ, ಅಲ್ಲಿಗೇ ಮುಗಿಯಲಿಲ್ಲ. ಎರಡು ಪರೀಕ್ಷೆ ಇದೆ. ಮೋಟಾರ್ ಸ್ಟಾರ್ಟ್ ಆಗುವಾಗ ಕಂಟ್ರೋಲರಿಗೆ ಒಳಬರುವ ಟರ್ಮಿನಲ್‌ನಲ್ಲಿ ವೋಲ್ಟೇಜ್ ಶೇಕಡಾ 15ಕ್ಕಿಂತ ಜಾಸ್ತಿ ಬೀಳಬಾರದು. ಮೋಟಾರ್ ತನ್ನ ಫುಲ್ ಲೋಡಿನ ಶೇಕಡಾ 115 ಕರೆಂಟ್ ಎಳೆಯುತ್ತಾ ಓಡುವಾಗ ಕಂಟ್ರೋಲರಿನಿಂದ ಹೊರಹೋಗುವ ಟರ್ಮಿನಲ್‌ನಲ್ಲಿ ಮೋಟಾರಿನ ವೋಲ್ಟೇಜಿಗಿಂತ ಶೇಕಡಾ 5ರಷ್ಟು ಮಾತ್ರ ಇಳಿಯಬಹುದು. 480 ವೋಲ್ಟಿನ ಸಪ್ಲೈನಲ್ಲಿ ಮೊದಲನೆಯದು 408 ವೋಲ್ಟ್, 460ರ ಮೋಟಾರಿಗೆ ಎರಡನೆಯದು 437 ವೋಲ್ಟ್. ಇವು ನಿಮ್ಮ ಗೆರೆಗಳು.

ಸ್ಟಾರ್ಟ್ ಆಗುವಾಗ ಯಾಕಿಷ್ಟು ಕಟ್ಟುನಿಟ್ಟು? ಕಾಂಟ್ಯಾಕ್ಟರ್ ಕಾಯಿಲ್‌ಗೆ ವೋಲ್ಟೇಜ್ ಸಾಲದಿದ್ದರೆ ಅದು ಹಿಡಿದು ನಿಲ್ಲುವುದಿಲ್ಲ. ಟಕ ಟಕ ಬಡಿಯುತ್ತದೆ, ಪಾಯಿಂಟ್ ಸುಡುತ್ತದೆ, ಮೋಟಾರ್ ವೇಗಕ್ಕೆ ಬರುವುದಿಲ್ಲ.

ನಮ್ಮ ಉದಾಹರಣೆಗೆ ಬನ್ನಿ. ಸ್ಟೀಲ್ ಪೈಪಿನಲ್ಲಿ ಹೋದ 2/0 ತಾಮ್ರ, 100 ಮೀಟರ್ ದೂರ. ಸ್ಟಾರ್ಟ್ ಆಗುವಾಗ ಪವರ್ ಫ್ಯಾಕ್ಟರ್ 0.35ರ ಆಸುಪಾಸು ಇರುತ್ತದೆ ಅಂತ ಇಟ್ಟುಕೊಂಡರೆ 725 ಆಂಪಿಗೆ ಕೇಬಲ್‌ನಲ್ಲೇ ಸುಮಾರು 35 ವೋಲ್ಟ್ ಹೋಗುತ್ತದೆ. ಅಂದರೆ ಶೇಕಡಾ 7ಕ್ಕಿಂತ ಸ್ವಲ್ಪ ಜಾಸ್ತಿ. ಓಡುವಾಗ 142.6 ಆಂಪಿಗೆ ಹೋಗುವುದು ಸುಮಾರು 9 ವೋಲ್ಟ್ ಮಾತ್ರ. ಕಷ್ಟ ಕೊಡುವುದು ಯಾವಾಗಲೂ ಸ್ಟಾರ್ಟಿಂಗ್ ಲೆಕ್ಕವೇ.

ಇದಕ್ಕೆ ಟ್ರಾನ್ಸ್‌ಫಾರ್ಮರ್ ಸೇರಿಸಿದರೆ ನಿಜವಾದ ಚಿತ್ರ ಸಿಗುತ್ತದೆ. ಪಂಪಿಗೇ ಮೀಸಲಾದ ಟ್ರಾನ್ಸ್‌ಫಾರ್ಮರ್ ಹಾಕುವಾಗ ಮೋಟಾರುಗಳ ಫುಲ್ ಲೋಡಿನ ಶೇಕಡಾ 125 ಮತ್ತು ಉಪಕರಣದ ಶೇಕಡಾ 100 ಹೊರುವಷ್ಟು ಇರಬೇಕು ಅನ್ನುತ್ತದೆ ಕೋಡ್. ನಮ್ಮ 166.5 ಆಂಪಿಗೆ ಅದು ಸುಮಾರು 138 ಕೆವಿಎ. 150 ಕೆವಿಎ ತಂದರೆ ಅಳತೆಯ ನಿಯಮ ಪಾಸ್. ಆದರೆ 150 ಕೆವಿಎಗೆ 480 ವೋಲ್ಟಿನಲ್ಲಿ ಕರೆಂಟ್ 180 ಆಂಪ್. ಸ್ಟಾರ್ಟಿಂಗ್‌ನಲ್ಲಿ ಎಳೆಯುವುದು ಅದರ 4 ಪಟ್ಟು. ಟ್ರಾನ್ಸ್‌ಫಾರ್ಮರಿನ ಇಂಪಿಡೆನ್ಸ್ ಶೇಕಡಾ 4 ಇದ್ದರೆ ಅದರಲ್ಲೇ ಸುಮಾರು ಶೇಕಡಾ 16 ಹೋಯಿತು. ಕೇಬಲ್‌ನದೂ ಸೇರಿದರೆ 23. ವೋಲ್ಟೇಜ್ ಬಿದ್ದಾಗ ಕರೆಂಟೂ ತುಸು ಇಳಿಯುತ್ತದೆ ನಿಜ, ಆದರೂ 15ರ ಗೆರೆ ದಾಟಿಯೇ ದಾಟುತ್ತದೆ. ಒಂದು ನಿಯಮ ಪಾಸಾದ ಟ್ರಾನ್ಸ್‌ಫಾರ್ಮರ್ ಇನ್ನೊಂದರಲ್ಲಿ ಫೇಲ್. ಇದಕ್ಕೆ ದಾರಿ ಎಂದರೆ ಟ್ರಾನ್ಸ್‌ಫಾರ್ಮರ್ ದೊಡ್ಡದು ಮಾಡುವುದು, ವೈರ್ ದಪ್ಪ ಮಾಡುವುದು, ಇಲ್ಲವೇ ಕಡಿಮೆ ಕರೆಂಟಿನಲ್ಲಿ ಸ್ಟಾರ್ಟ್ ಮಾಡುವ ಲಿಸ್ಟ್ ಆದ ಕಂಟ್ರೋಲರ್ ಆರಿಸುವುದು. ಯಾವುದನ್ನು ಆರಿಸಿದರೂ ಪೂರ್ತಿ ಲೆಕ್ಕ ಮತ್ತೆ ಮಾಡಿ.

ಮೀಸಲು ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ಕಡೆ ಓವರ್‌ಕರೆಂಟ್ ರಕ್ಷಣೆ ಹಾಕುವ ಹಾಗೇ ಇಲ್ಲ. ಪ್ರೈಮರಿ ಕಡೆ ಹಾಕುವುದೂ ಲಾಕ್ಡ್ ರೋಟರ್ ಕರೆಂಟ್ ಹೊರುವಷ್ಟು ದೊಡ್ಡದಿರಬೇಕು.

ಹಂತ 5: ದಾರಿಯಲ್ಲಿ ಒಂದೇ ಸ್ವಿಚ್

ಮೂಲದಿಂದ ಕಂಟ್ರೋಲರಿಗೆ ನೇರ ಕನೆಕ್ಷನ್ ಇದ್ದರೆ ಅದು ಎಲ್ಲಕ್ಕಿಂತ ಒಳ್ಳೆಯದು. ನಡುವೆ ಸ್ವಿಚ್ ಬೇಕೇ ಬೇಕು ಅಂದರೆ ಒಂದು ಮಾತ್ರ, ಅದರ ಬ್ರೇಕರ್ ಸಮೇತ. ದಾರಿಯಲ್ಲಿ ಒಂದೊಂದು ಸ್ವಿಚ್ ಸೇರಿದ ಹಾಗೂ ಯಾರೋ ಮರೆತು ಆಫ್ ಮಾಡಿ ಹೋಗುವ ಜಾಗ ಒಂದೊಂದು ಹೆಚ್ಚಿತು ಅಂತಲೇ ಲೆಕ್ಕ.

ಈ ಸ್ವಿಚ್ ಬೇರೆ ಲೋಡ್ ಇರುವ ಪ್ಯಾನೆಲ್ ಒಳಗೆ ಇರಬಾರದು. ಕಟ್ಟಡದ ಉಳಿದ ಸ್ವಿಚ್‌ಗಳಿಂದ ದೂರ ಇರಲಿ, ಒಂದೇ ಸಲಕ್ಕೆ ಎರಡನ್ನೂ ಕೈತಪ್ಪಿ ಇಳಿಸುವ ಹಾಗಿರಬಾರದು. ಬೀಗ ಹಾಕುವ ಸೌಲಭ್ಯ ಇರಬೇಕು. ಮುಖದ ಮೇಲೆ ಇದು ಫೈರ್ ಪಂಪಿನ ಡಿಸ್ಕನೆಕ್ಟ್ ಅಂತ ಕನಿಷ್ಠ 25 ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ ಬರೆದಿರಬೇಕು. ಬಾಗಿಲು ತೆಗೆಯದೇ ಓದಲು ಬರಬೇಕು. ಅಷ್ಟೇ ಅಲ್ಲ, ಕಂಟ್ರೋಲರಿನ ಪಕ್ಕದಲ್ಲಿ ಇನ್ನೊಂದು ಫಲಕ: ಆ ಸ್ವಿಚ್ ಎಲ್ಲಿದೆ, ಬೀಗ ಇದ್ದರೆ ಕೀಲಿ ಎಲ್ಲಿದೆ.

ಈ ಫಲಕದ ವಿಷಯದಲ್ಲಿ ನನಗೆ ಸ್ವಲ್ಪ ಹಟ ಇದೆ. ಒಂದು ಪಂಪ್ ರೂಮಿನಲ್ಲಿ ಮಾರ್ಕರ್ ಪೆನ್ನಿನಿಂದ ಬರೆದ ಕಾಗದವನ್ನು ಟೇಪ್ ಹಚ್ಚಿ ಅಂಟಿಸಿದ್ದರು. ತೇವಕ್ಕೆ ಟೇಪ್ ಒಂದು ಮೂಲೆ ಬಿಟ್ಟು ಕಾಗದ ಸುರುಳಿ ಸುತ್ತಿಕೊಂಡಿತ್ತು. ಬಿಡಿಸಿ ನೋಡಿದರೆ ಶಾಯಿ ಹರಡಿ, ಮಹಡಿಯ ನಂಬರ್ 3ಆ 8ಆ ಗೊತ್ತಾಗುತ್ತಿರಲಿಲ್ಲ. ಬೆಳಗಿನ ಬೆಳಕಿನಲ್ಲಿ ನಿಂತ ನನಗೇ ಓದಲಾಗಲಿಲ್ಲ. ಕೆತ್ತಿದ ಪ್ಲೇಟ್ ಹಾಕಿ, ಸ್ಕ್ರೂ ಬಿಗಿಯಿರಿ.

ಸ್ವಿಚ್ ಆನ್ ಆಗೇ ಇದೆ ಅನ್ನುವುದನ್ನು ಯಾರಾದರೂ ಸದಾ ಗಮನಿಸುತ್ತಿರಬೇಕು. ಆಫ್ ಆದ ಕೂಡಲೇ ನಿಗಾ ಕೇಂದ್ರಕ್ಕೆ ಸಿಗ್ನಲ್ ಹೋಗಬಹುದು, ಅಥವಾ ಸದಾ ಜನ ಇರುವ ಜಾಗದಲ್ಲಿ ಶಬ್ದ ಬರಬಹುದು. ಆನ್ ಸ್ಥಿತಿಯಲ್ಲಿ ಬೀಗ ಹಾಕಬಹುದು. ಬೇಲಿಯೊಳಗೆ ಅಥವಾ ಮಾಲೀಕರ ಹತೋಟಿಯ ಕಟ್ಟಡದಲ್ಲಿ ಇದ್ದರೆ ಸೀಲ್ ಮಾಡಿ ವಾರಕ್ಕೊಮ್ಮೆ ನೋಡಿ ಬರೆದಿಡುವುದಕ್ಕೂ ಒಪ್ಪಿಗೆ ಇದೆ. ಆಯ್ಕೆ ನನ್ನದಾದರೆ ಸಿಗ್ನಲ್ ಮತ್ತು ಬೀಗ ಎರಡನ್ನೂ ಇಡುತ್ತೇನೆ.

ಹಂತ 6: ಬೆಂಕಿಯ ದಾರಿ ತಪ್ಪಿಸಿ ಕೇಬಲ್ ಎಳೆಯಿರಿ

1991ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದ 38 ಮಹಡಿಯ ಒನ್ ಮೆರಿಡಿಯನ್ ಪ್ಲಾಜಾದಲ್ಲಿ ಬೆಂಕಿ ಬಿತ್ತು. ಶುರುವಾದದ್ದು 22ನೇ ಮಹಡಿಯಲ್ಲಿ. ಅಲ್ಲಿ ಮುಖ್ಯ ಕರೆಂಟಿನ ರೈಸರ್ (ಮಹಡಿಯಿಂದ ಮಹಡಿಗೆ ಏರುವ ಕೇಬಲ್) ಮತ್ತು ಎರಡನೇ ರೈಸರ್ ಒಂದೇ ಜಾಗದಲ್ಲಿ, ಬೆಂಕಿ ತಡೆಯುವ ಗೋಡೆಯಿಲ್ಲದೆ, ಅಕ್ಕಪಕ್ಕ ಹೋಗಿದ್ದವು. ಬೆಂಕಿ ತಾಗಿದಾಗ ಎರಡೂ ಒಟ್ಟಿಗೆ ಹೋದವು. ಜನರೇಟರ್ ಕೂಡ ಕೈಕೊಟ್ಟಿತು. ಇಡೀ ಕಟ್ಟಡ ಕತ್ತಲಾಯಿತು. ಮೂವರು ಅಗ್ನಿಶಾಮಕ ಸಿಬ್ಬಂದಿ ಜೀವ ಕಳೆದುಕೊಂಡರು. ಸುಮಾರು 19 ಗಂಟೆ ಉರಿದ ಆ ಬೆಂಕಿ ಕೊನೆಗೆ ನಿಂತದ್ದು 30ನೇ ಮಹಡಿಯಲ್ಲಿ, ಹತ್ತು ಸ್ಪ್ರಿಂಕ್ಲರ್‌ಗಳ ಮುಂದೆ. ಅವಕ್ಕೆ ನೀರು ಕೊಟ್ಟದ್ದು ಹೊರಗೆ ನಿಂತ ಅಗ್ನಿಶಾಮಕ ವಾಹನಗಳು. ಎರಡು ಮೂಲ ಇದ್ದರೆ ಸಾಲದು, ಎರಡೂ ಬೇರೆ ಬೇರೆ ದಾರಿಯಲ್ಲಿ ಬರಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ.

ಈಗ ನಿಯಮಕ್ಕೆ ಬರೋಣ. ಸರ್ವಿಸ್ ಕೇಬಲ್ ಕಟ್ಟಡದ ಹೊರಗಡೆಯಿಂದಲೇ ಬರಬೇಕು. ಆಗದೇ ಇದ್ದರೆ ಕಟ್ಟಡದ ಕೆಳಗೆ, ಮೇಲೆ ಕನಿಷ್ಠ 50 ಮಿಲಿಮೀಟರ್ ಕಾಂಕ್ರೀಟ್ ಇರುವಂತೆ ತರಬಹುದು, ಅಥವಾ ಸುತ್ತಲೂ ಅಷ್ಟೇ ದಪ್ಪದ ಕಾಂಕ್ರೀಟ್ ಇಲ್ಲವೇ ಇಟ್ಟಿಗೆಯ ಒಳಗೆ ತರಬಹುದು. ಹಾಗೆ ಮುಚ್ಚಿದ ಕೇಬಲನ್ನು ಕೋಡ್ ಕಟ್ಟಡದ ಹೊರಗಿದೆ ಅಂತಲೇ ಎಣಿಸುತ್ತದೆ.

ಫೀಡರ್ ಆದರೆ ಉಳಿದೆಲ್ಲ ವೈರಿಂಗ್‌ನಿಂದ ಬೇರೆ ದಾರಿಯಲ್ಲಿ ಹೋಗಬೇಕು, ಪಂಪಿಗೆ ಸಂಬಂಧಪಟ್ಟ ಲೋಡ್ ಬಿಟ್ಟು ಬೇರೆ ಹೊರಬಾರದು. ಕಟ್ಟಡದೊಳಗೆ ಹಾಯುವಾಗ ಮೂರರಲ್ಲಿ ಒಂದು ರಕ್ಷಣೆ ಬೇಕು: 50 ಮಿಲಿಮೀಟರ್ ಕಾಂಕ್ರೀಟ್, ಅಥವಾ 2 ಗಂಟೆ ಬೆಂಕಿ ತಡೆಯುವ, ಈ ಸರ್ಕ್ಯೂಟಿಗೇ ಮೀಸಲಾದ ಕಟ್ಟಣೆ, ಅಥವಾ 2 ಗಂಟೆಯ ರೇಟಿಂಗ್ ಇರುವ ಲಿಸ್ಟ್ ಆದ ಕೇಬಲ್ ವ್ಯವಸ್ಥೆ. ಫೀಡರ್ ಹೊರಡುವ ಎಲೆಕ್ಟ್ರಿಕಲ್ ರೂಮ್ ಮತ್ತು ಪಂಪ್ ರೂಮ್, ಈ ಎರಡು ಕೋಣೆಯೊಳಗೆ ಸಾಮಾನ್ಯವಾಗಿ ಈ ಹೊದಿಕೆ ಬೇಕಿಲ್ಲ.

ವ್ಯವಸ್ಥೆ ಅಂತ ಬೇಕೆಂದೇ ಹೇಳಿದೆ. 2 ಗಂಟೆಯ ಕೇಬಲ್ ತಂದೆ, ಎಳೆದೆ, ಮುಗಿಯಿತು ಅನ್ನುವ ಹಾಗಿಲ್ಲ. ಆ ರೇಟಿಂಗ್ ಸಿಕ್ಕಿರುವುದು ಇಂಥ ಪೈಪಿನಲ್ಲಿ, ಇಷ್ಟು ದೂರಕ್ಕೊಂದು ಕ್ಲ್ಯಾಂಪ್ ಹಾಕಿ, ಇಂಥ ಲೂಬ್ರಿಕೆಂಟ್ ಹಚ್ಚಿ ಎಳೆದಾಗ. ಕ್ಲ್ಯಾಂಪ್ ನಡುವಿನ ಅಂತರ ಹೆಚ್ಚಾಯಿತೋ, ಬೆಂಕಿಯಲ್ಲಿ ಪೈಪ್ ಜೋತು ಬೀಳುತ್ತದೆ, ಕೇಬಲ್ ಜಗ್ಗುತ್ತದೆ. ಲಿಸ್ಟಿಂಗ್‌ನ ಪುಟವನ್ನು ಪ್ರಿಂಟ್ ತೆಗೆದು ಎಳೆಯುವ ಹುಡುಗರ ಕೈಗೆ ಕೊಡಿ. ಆಫೀಸಿನ ಫೈಲಿನಲ್ಲಿ ಇಟ್ಟರೆ ಪ್ರಯೋಜನ ಇಲ್ಲ.

ಹಂತ 7: ಕಂಟ್ರೋಲರ್ ಕೂರಿಸುವುದು

ಕಂಟ್ರೋಲರ್, ಟ್ರಾನ್ಸ್‌ಫರ್ ಸ್ವಿಚ್, ಮೋಟಾರ್, ಈ ಮೂರೂ ಫೈರ್ ಪಂಪ್ ಸೇವೆಗೆಂದೇ ಲಿಸ್ಟ್ ಆಗಿರಬೇಕು. ಸುಮ್ನೆ ಒಂದು ಒಳ್ಳೆಯ ಸ್ಟಾರ್ಟರ್ ಪ್ಯಾನೆಲ್ ಮಾಡಿಸಿ ಇಟ್ಟರೆ ಆಗುವುದಿಲ್ಲ.

ಕಂಟ್ರೋಲರ್ ಮೋಟಾರಿಗೆ ಆದಷ್ಟು ಹತ್ತಿರ ಇರಲಿ, ಅಲ್ಲಿಂದ ಮೋಟಾರ್ ಕಣ್ಣಿಗೆ ಕಾಣಬೇಕು. ಕರೆಂಟ್ ಇರುವ ಭಾಗ ನೆಲದಿಂದ ಕನಿಷ್ಠ 300 ಮಿಲಿಮೀಟರ್ ಮೇಲಿರಬೇಕು. ಪಂಪಿನಿಂದ, ಪೈಪಿನ ಜಾಯಿಂಟಿನಿಂದ ನೀರು ಚಿಮ್ಮಿದರೂ ಕಂಟ್ರೋಲರಿಗೆ ತಾಗಬಾರದು. ಬೆಂಕಿಗೆ ಉರಿಯದ ಗಟ್ಟಿ ಆಧಾರದ ಮೇಲೆ ಕೂರಿಸಿ.

ಪೈಪ್ ಒಳತರುವಾಗ ಜನ ಎಡವುತ್ತಾರೆ. ತಯಾರಕರು ತೋರಿಸಿದ ಜಾಗ ಬಿಟ್ಟು ಬೇರೆ ಕಡೆ ತೂತು ಕೊರೆಯಬೇಡಿ. ಪೆಟ್ಟಿಗೆಯ ರೇಟಿಂಗಿಗೆ ಸಮನಾದ ಲಿಸ್ಟ್ ಆದ ಹಬ್ ಹಾಕಿ. ಮೇಲಿಂದ ಸಾದಾ ಲಾಕ್‌ನಟ್ ಹಾಕಿ ಬಂದ ಪೈಪಿನ ಮೂಲಕ ನೀರು ಇಳಿದು ಬಸ್‌ಬಾರ್ ಮೇಲೆ ತೊಟ್ಟಿಕ್ಕುವುದು ನೀವು ಊಹಿಸುವುದಕ್ಕಿಂತ ಸುಲಭ. ಕೊರೆದ ಲೋಹದ ಪುಡಿ ಒಳಗೆ ಉಳಿಯದ ಹಾಗೂ ನೋಡಿಕೊಳ್ಳಿ.

2017ರ ಆವೃತ್ತಿಯಿಂದ ಕಂಟ್ರೋಲರಿನ ಒಳಗೆ ಅಥವಾ ಮೇಲೆ ಲಿಸ್ಟ್ ಆದ ಸರ್ಜ್ ಪ್ರೊಟೆಕ್ಟರ್ ಕಡ್ಡಾಯ.

ಹಂತ 8: ಕಂಟ್ರೋಲರಿನಿಂದ ಮೋಟಾರಿಗೆ

ಈ ತುಂಡು ಚಿಕ್ಕದು, ಆದರೆ ನೀರು, ನಡುಕ, ಕಾಲಿನ ಒದೆ ಎಲ್ಲ ಇದಕ್ಕೇ. ಗಟ್ಟಿ ಲೋಹದ ಪೈಪ್, ನೀರು ಹೊಗದ ಫ್ಲೆಕ್ಸಿಬಲ್ ಪೈಪ್, ಹೊದಿಕೆ ಇರುವ ಲೋಹ ಕವಚದ ಕೇಬಲ್, ಮಿನರಲ್ ಇನ್ಸುಲೇಟೆಡ್ ಕೇಬಲ್, ಇಂಥವಕ್ಕೆ ಮಾತ್ರ ಒಪ್ಪಿಗೆ.

ಮೋಟಾರಿನ ಟರ್ಮಿನಲ್ ಬಾಕ್ಸ್ ತೆಗೆದಾಗ ಜೋಡಣೆ ಹೇಗಿದೆ ನೋಡಿ. ತಿರುಚಿ ಕ್ಯಾಪ್ ಹಾಕಿದ ಜಾಯಿಂಟ್, ಇನ್ಸುಲೇಶನ್ ಚುಚ್ಚುವ ಕನೆಕ್ಟರ್, ಬೆಸುಗೆ ಹಾಕಿದ ಜಾಯಿಂಟ್, ಮೂರಕ್ಕೂ ಇಲ್ಲಿ ಜಾಗ ಇಲ್ಲ. 725 ಆಂಪ್ ಹರಿಯುವಾಗ ಬೆಸುಗೆ ಕರಗುತ್ತದೆ, ನಡುಕಕ್ಕೆ ಕ್ಯಾಪ್ ಸಡಿಲವಾಗುತ್ತದೆ. ಸರಿಯಾದ ಡೈ ಹಾಕಿ ಒತ್ತಿದ ಲಗ್, ಬೋಲ್ಟ್, ತಯಾರಕರು ಹೇಳಿದ ಬಿಗಿತ. ಬಿಗಿದ ಮೇಲೆ ಬೋಲ್ಟಿನ ತಲೆಗೂ ಲಗ್‌ಗೂ ಸೇರಿಸಿ ಬಣ್ಣದ ಗೆರೆ ಎಳೆಯಿರಿ. ಮುಂದಿನ ಸಲ ಬಾಕ್ಸ್ ತೆಗೆದಾಗ ಗೆರೆ ಮುರಿದಿದ್ದರೆ ಬೋಲ್ಟ್ ಅಲುಗಾಡಿದೆ ಅಂತ ನೋಟಕ್ಕೇ ಗೊತ್ತಾಗುತ್ತದೆ. ಇದು ಕೋಡ್ ಹೇಳಿದ್ದಲ್ಲ, ಒಳ್ಳೆಯ ಅಭ್ಯಾಸ.

ಪಂಪಿನ ಪವರ್ ಸರ್ಕ್ಯೂಟಿನಲ್ಲಿ ಎಲ್ಲೂ ಗ್ರೌಂಡ್ ಫಾಲ್ಟ್‌ಗೆ ಬೀಳುವ ರಕ್ಷಣೆ ಹಾಕಬೇಡಿ. 480 ವೋಲ್ಟಿನ ದೊಡ್ಡ ಸರ್ವಿಸ್‌ಗಳಿಗೆ ಅದು ಕಡ್ಡಾಯ ಇದ್ದರೂ ಫೈರ್ ಪಂಪಿಗೆ ವಿನಾಯಿತಿ ಇದೆ. ಅರ್ಥಿಂಗ್ ಕಂಡಕ್ಟರ್ ಮಾತ್ರ ಎಂದಿನಂತೆ ಪೂರ್ತಿ ಬೇಕು. ಇವೆರಡನ್ನು ಕಲಸಬೇಡಿ.

ಹಂತ 9: ಕಂಟ್ರೋಲ್ ವೈರ್ ಹರಿದರೆ ಪಂಪ್ ಓಡಬೇಕು

ಕಂಟ್ರೋಲರಿನಿಂದ ಹೊರಗೆ ಹೋದ ಯಾವ ಕಂಟ್ರೋಲ್ ವೈರ್ ಹರಿದರೂ, ಶಾರ್ಟ್ ಆದರೂ, ಉಳಿದ ದಾರಿಗಳಿಂದ ಪಂಪ್ ಸ್ಟಾರ್ಟ್ ಆಗುವುದು ತಪ್ಪಬಾರದು. ಹರಿದದ್ದಕ್ಕೆ ಪಂಪ್ ತಾನೇ ಓಡಲು ಶುರುಮಾಡಿದರೆ ಅದಕ್ಕೆ ಅಡ್ಡಿಯಿಲ್ಲ.

ವೋಲ್ಟೇಜ್ ಕಡಿಮೆ ಆಯಿತು, ಫ್ರೀಕ್ವೆನ್ಸಿ ಬದಲಾಯಿತು ಅಂತ ಕಾಂಟ್ಯಾಕ್ಟರ್ ಎಳೆಯುವುದನ್ನು ತಡೆಯುವ ಸೆನ್ಸರ್ ಇರಬಾರದು. ಲಿಸ್ಟ್ ಆದ ಕಂಟ್ರೋಲರಿನ ಭಾಗವಾಗಿಯೇ ಬಂದ ಫೇಸ್ ಲಾಸ್ ಸೆನ್ಸರಿಗೆ ಮಾತ್ರ ವಿನಾಯಿತಿ. ಟ್ರಾನ್ಸ್‌ಫರ್ ಸ್ವಿಚ್ ತಾನಾಗೇ ಬದಲಾಗುವುದನ್ನು ತಡೆಯುವ ಸ್ವಿಚ್ ದೂರದಲ್ಲಿ ಎಲ್ಲೂ ಇರಬಾರದು.

ಜನರೇಟರ್ ಸ್ಟಾರ್ಟ್ ಮಾಡುವ ಎರಡು ತೆಳು ವೈರನ್ನು ಕಡೆಗಣಿಸುವುದು ಮಾಮೂಲು. ದಪ್ಪ ಕೇಬಲ್‌ಗೆ 2 ಗಂಟೆಯ ರಕ್ಷಣೆ ಕೊಟ್ಟು ಈ ವೈರನ್ನು ಸಾದಾ ಪೈಪಿನಲ್ಲಿ ಎಳೆದರೆ ಬೆಂಕಿ ಮೊದಲು ಇದನ್ನೇ ತಿನ್ನುತ್ತದೆ, ಜನರೇಟರ್ ಎದ್ದೇಳುವುದೇ ಇಲ್ಲ. ಇದಕ್ಕೂ ಬೇರೆ ದಾರಿ, ಬೆಂಕಿಯಿಂದ ರಕ್ಷಣೆ ಬೇಕು. ಈಚಿನ ಆವೃತ್ತಿಗಳಲ್ಲಿ ಇದು ಹರಿದಿದೆಯೇ ಅನ್ನುವ ನಿಗಾ ಕೂಡ ಬೇಕು, ಹರಿದರೆ ಜನರೇಟರ್ ಸ್ಟಾರ್ಟ್ ಆಗಬೇಕು.

ಹಂತ 10: ಓಡಿಸಿ ನೋಡಿ

ಕರೆಂಟ್ ಕೊಡುವ ಮುಂಚೆ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಿಡಿಯಿರಿ. ಆಮೇಲೆ ಫೇಸ್ ಸೀಕ್ವೆನ್ಸ್ ನೋಡಿ, ಎರಡು ಮೂಲದ್ದೂ ಬೇರೆ ಬೇರೆಯಾಗಿ. ಮೇನ್‌ನಲ್ಲಿ ಸರಿ ತಿರುಗಿದ ಪಂಪ್ ಜನರೇಟರಿನಲ್ಲಿ ಉಲ್ಟಾ ತಿರುಗಿದರೆ ಪತ್ತೆ ಹಚ್ಚುವುದು ಕಷ್ಟ. ಉಲ್ಟಾ ತಿರುಗುವ ಸೆಂಟ್ರಿಫ್ಯೂಗಲ್ ಪಂಪೂ ಸ್ವಲ್ಪ ನೀರು ತಳ್ಳುತ್ತದೆ. ಶಬ್ದ ಬರುತ್ತದೆ, ಗೇಜ್ ಮುಳ್ಳು ಏಳುತ್ತದೆ, ಸರಿಯಾಗಿದೆ ಅನ್ನಿಸುತ್ತದೆ. ಬೇಕಾದ ಒತ್ತಡ ಮಾತ್ರ ಬರುವುದಿಲ್ಲ.

ಒಪ್ಪಿಗೆ ಪರೀಕ್ಷೆಯಲ್ಲಿ ಕನಿಷ್ಠ 6 ಸಲ ತಾನಾಗಿ, 6 ಸಲ ಕೈಯಿಂದ ಸ್ಟಾರ್ಟ್ ಆಗಬೇಕು, ಪ್ರತಿ ಸಲ ಪೂರ್ತಿ ವೇಗದಲ್ಲಿ ಕನಿಷ್ಠ 5 ನಿಮಿಷ ಓಡಬೇಕು. ಎಲ್ಲ ಸೇರಿ ಪಂಪ್ ಕನಿಷ್ಠ 1 ಗಂಟೆ ಓಡಿರಬೇಕು. ಗರಿಷ್ಠ ಲೋಡಿನಲ್ಲಿ ಓಡುತ್ತಿರುವಾಗಲೇ ಮುಖ್ಯ ಮೂಲ ತೆಗೆದು ಜನರೇಟರ್ ಎತ್ತಿಕೊಳ್ಳುತ್ತದೆಯಾ ನೋಡಬೇಕು. ಸ್ಟಾರ್ಟ್ ಆಗುವ ಹೊತ್ತಿಗೆ ಕಂಟ್ರೋಲರಿನ ಟರ್ಮಿನಲ್‌ನಲ್ಲಿ ಕನಿಷ್ಠ ವೋಲ್ಟೇಜ್ ಹಿಡಿದಿಡುವ ಮೀಟರ್ ಹಾಕಿ ಅಳೆಯಿರಿ. 4ನೇ ಹಂತದ ಲೆಕ್ಕ ನಿಜವಾಯಿತಾ ಅನ್ನುವುದು ಆಗಲೇ ಗೊತ್ತಾಗುವುದು.

ಕಂಟ್ರೋಲರಿನ ಮುಖದ ಮೇಲೆ ಒಂದು ಗಟ್ಟಿ ಲೋಹದ ಹಿಡಿ ಇರುತ್ತದೆ. ತುರ್ತು ಓಟಕ್ಕೆ ಅಂತ. ಕಾಯಿಲ್ ಸುಟ್ಟಿರಲಿ, ಕಂಟ್ರೋಲ್ ಬೋರ್ಡ್ ಸತ್ತಿರಲಿ, ಈ ಹಿಡಿ ಕಾಂಟ್ಯಾಕ್ಟರನ್ನು ಕೈಬಲದಿಂದಲೇ ಮುಚ್ಚುತ್ತದೆ. ಇದನ್ನು ಅರ್ಧ ಮನಸ್ಸಿನಿಂದ ಎಳೆಯಬಾರದು. ನಿಧಾನಕ್ಕೆ ಎಳೆದರೆ ಪಾಯಿಂಟ್‌ಗಳ ನಡುವೆ ಆರ್ಕ್ ಹೊಡೆದು ಬೆಸೆದುಕೊಳ್ಳಬಹುದು. ಒಂದೇ ಬಿರುಸಿನಲ್ಲಿ ಕೊನೆ ಮುಟ್ಟುವ ತನಕ ಎಳೆದು, ಲಾಕ್ ಆದದ್ದನ್ನು ನೋಡಿ ಕೈಬಿಡಿ. ಕಟ್ಟಡ ನೋಡಿಕೊಳ್ಳುವವರ ಕೈಯಿಂದಲೇ ಒಮ್ಮೆ ಎಳೆಸಿ. ರಾತ್ರಿ ಪಾಳಿಯಲ್ಲಿ ಅಲ್ಲಿ ನಿಲ್ಲುವವರು ಅವರೇ.

ಪರೀಕ್ಷೆ ಮುಗಿದ ಮೇಲೆ ಸಾಮಾನು ಕಟ್ಟುವ ಮುಂಚೆ ಒಂದು ಸುತ್ತು ಹಾಕಿ. ಸೆಲೆಕ್ಟರ್ ಆಟೋದಲ್ಲಿದೆಯಾ, ಪವರ್ ದೀಪ ಹತ್ತಿದೆಯಾ, ಟ್ರಾನ್ಸ್‌ಫರ್ ಸ್ವಿಚ್ ಮುಖ್ಯ ಮೂಲಕ್ಕೆ ವಾಪಸ್ ಬಂದಿದೆಯಾ, ಜನರೇಟರ್ ಸೆಲೆಕ್ಟರ್ ಕೂಡ ಆಟೋಗೆ ಬಂದಿದೆಯಾ. ಆಮೇಲೆ ಮೇಲಿನ ಡಿಸ್ಕನೆಕ್ಟ್ ತನಕ ನಡೆದು ಹೋಗಿ, ಅದು ಆನ್ ಇರುವುದನ್ನು ಕಣ್ಣಾರೆ ನೋಡಿ, ಬೀಗ ಹಾಕಿ, ಕೀಲಿಯನ್ನು ಫಲಕದಲ್ಲಿ ಬರೆದ ಜಾಗದಲ್ಲೇ ಇಡಿ.